ಬಾವಿ ನೀರಿಗೆ ನಾನು ಹಾಕಿದ ಸಹಿ

ಸರ್ಕಾರಿ ಪರಿಸರ ವಿಜ್ಞಾನಿ ಎಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ತೊಂಬತ್ತರ ದಶಕದ ಮೊದಲಲ್ಲಿ ನನ್ನ ಕೆಲಸ ಇಷ್ಟೇ: ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಕೆಂಪು ಬಸ್ಸುಗಳಲ್ಲಿ ಬಾಟಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಓಡಾಡುವುದು, ಬಾವಿ ನೀರು ತುಂಬಿ ತರುವುದು, ವರದಿಗೆ ಸಹಿ ಹಾಕುವುದು. ಊರವರಿಗೆ ನಾನು ‘ನೀರಿನ ಬಾಯಾರು’, ಅಂದರೆ ನೀರಿನ ಮೇಡಂ. ಕಂಡಕ್ಟರುಗಳು ಪೆಟ್ಟಿಗೆಗೂ ಟಿಕೆಟ್ ಕೇಳುತ್ತಿದ್ದರು, ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಜೋರು.

ಹಾರೂಗೇರಿಯ ಆಚೆ ಕಬ್ಬಿನ ನಡುವೆ ಒಂದು ತೋಟದ ಮನೆ. ವಯಸ್ಸಾದ ತಾಯಿ, ಅವರ ಮಗ. ಹತ್ತಿರದ ಸಕ್ಕರೆ ಕಾರ್ಖಾನೆಯ ಹೊಂಡದಿಂದ ಕೊಳಚೆ ಇಂಗಿ ಬಾವಿ ಕೆಟ್ಟಿದೆ ಎಂದು ಅರ್ಜಿ ಕೊಟ್ಟಿದ್ದರು. ಕುಡಿಯುವ ನೀರನ್ನು ಎರಡು ಹೊಲ ದಾಟಿ ಬೇರೆಯವರ ಬಾವಿಯಿಂದ ಹೊರುತ್ತಿದ್ದರು. ನಾನು ಬಾಟಲಿ ತುಂಬಿಸಿ ಮೂಗಿಗೆ ಹಿಡಿದೆ. ಕೊಳೆತ ಬೆಲ್ಲದ ವಾಸನೆ. “ಇದೇನು ಕುಡಿಯೋ ನೀರಾ?” ಎಂದೆ. ಅಷ್ಟರಲ್ಲಿ ಊಟಕ್ಕೆ ಕರೆದರು. ಮೊಹರು ಆಮೇಲೆ ಹಾಕೋಣವೆಂದು ಬಾಟಲಿಗಳನ್ನು ಮನೆ ಮುಂದಿನ ಕಟ್ಟೆಯ ಮೇಲೆ ಬಿಟ್ಟು ಒಳಗೆ ಹೋದೆ. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು. ಮಗ ಬಡಿಸಿದ, ತಾಯಿ ಹೊರಗೇ ಇದ್ದರು. ಹೊಟ್ಟೆ ತುಂಬ ಉಂಡು ಬಂದು ಮೊಹರು ಹಾಕಿದೆ.

ಸಹೋದ್ಯೋಗಿ ಪರೀಕ್ಷಿಸಿ ಕೊಟ್ಟ ಹಾಳೆ ನೋಡಿ ತಲೆ ಕೆಟ್ಟಿತು. ನೀರಿನಲ್ಲಿ ಒಂದೂ ದೋಷವಿಲ್ಲ. ಆದರೆ ಮೂಗಿನ ಮಾತು ಸರ್ಕಾರದಲ್ಲಿ ನಡೆಯುವುದಿಲ್ಲ. ‘ಕುಡಿಯಲು ಯೋಗ್ಯ’ ಎಂದು ಟೈಪಾಗಿ ಬಂತು. ಗೊಣಗುತ್ತಲೇ ಸಹಿ ಹಾಕಿದೆ, ಅಂಚೆಗೆ ಹೋಯಿತು.

ಮುಂದಿನ ವಾರ ಮುಗಳಖೋಡದಲ್ಲಿ ಇಂಥದೇ ಕೆಲಸ. ನೀರು ತುಂಬಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಮನೆಯಾಕೆ ನನ್ನ ಬಾಟಲಿಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಾಳೆ!

“ಏನ್ ಮಾಡಾಕತ್ತೀಯವ್ವಾ?”

“ಹೊಲಸ ನೀರ ಇತ್ತರಿ ಬಾಯಾರ. ದೊಡ್ಡ ಊರಿಗಿ ಒಯ್ತೀರಿ, ನೋಡಿದವ್ರು ಏನಂದಾರು? ಚಲೋ ನೀರ ತುಂಬಿ ಕೊಡ್ತೀನಿ.”

ಹಾರೂಗೇರಿಯ ಕಟ್ಟೆ ಕಣ್ಣ ಮುಂದೆ ಬಂತು. ನನ್ನ ಸಹಿ ನಂಬಿ ಆ ಮನೆಯವರು ಕೆಟ್ಟ ಬಾವಿಯ ನೀರನ್ನೇ ಕುಡಿಯುತ್ತಿದ್ದರೆ? ಅಲ್ಲಿಂದಲೇ ಹಾರೂಗೇರಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಊಟಕ್ಕೆ ಕರೆದರೆಂದು ಮೊಹರು ಹಾಕದೆ ಎದ್ದವಳು ಎಂಥ ವಿಜ್ಞಾನಿ!

ಅಂಗಳದಲ್ಲೇ ಮಗ ಸಿಕ್ಕ. “ಕಾಗದ ಬಂತಾ?” ಎಂದೆ.

“ಬಂದ ನಾಕ ದಿನ ಆತ್ರಿ.”

“ಬಾವಿ ನೀರು ಕುಡಿದಿರಾ?”

ಉತ್ತರ ಕೊಟ್ಟದ್ದು ತಾಯಿ. “ಮೊದಲ ಎಮ್ಮಿಗಿ ಒಂದ ಬಕೀಟ ಇಟ್ಟ ನೋಡಿದ್ನಿರಿ. ಮೂಸಿ ಮೂತಿ ತಿರುವಿತು. ಅದು ಒಲ್ಲೆ ಅಂದದ್ದ ನಾವ್ ಹ್ಯಾಂಗ ಕುಡ್ಯೂದು?”

ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತೆ. ಬದುಕಿದೆಯಾ ಬಡಜೀವವೇ ಅನ್ನಿಸಿತು. ಇಡೀ ಸರ್ವೀಸಿನಲ್ಲಿ ಅಷ್ಟು ನಿರಾಳವಾದದ್ದು ಇನ್ನೊಂದು ದಿನ ನೆನಪಿಲ್ಲ. ಸಾವರಿಸಿಕೊಂಡು ಬಾಟಲಿಯ ಮಾತು ತೆಗೆದೆ. ಅವರಿಗೆ ಮುಚ್ಚುಮರೆಯೇ ಇಲ್ಲ.

“ಹೌದ್ರಿ, ನಾನ ಚೆಲ್ಲಿದ್ನಿ. ಕುಡ್ಯೂ ಕೊಡದಾಗಿನ ನೀರ ತುಂಬಿದ್ನಿ. ಮನಿಗಿ ಬಂದ ಪಾವಣ್ಯಾರ ಕೈಯಾಗ ಹೊಲಸ ನೀರ ಕೊಟ್ಟ ಕಳಸೂದು ಚಲೋ ಕಾಣ್ತೈತೇನ್ರಿ?”

ಬೈಗುಳ ಬಾಯ ತುದಿಯವರೆಗೆ ಬಂದಿತ್ತು, ಆ ಮುಖ ನೋಡಿ ನುಂಗಿಕೊಂಡೆ. ಹೊಲಸು ನೀರೇ ನನಗೆ ಬೇಕಾದದ್ದು ಎಂದು ತಿಳಿಸಿ ಹೇಳಿದೆ. ಮೂವರೂ ಬಾವಿಗೆ ಹೋಗಿ ಮತ್ತೆ ತುಂಬಿದೆವು. ಅಲ್ಲೇ ಮೆಟ್ಟಿಲ ಮೇಲೆ ಕೂತು ಮೊಹರು ಹಾಕಿದೆ. ಆ ನೀರು ಕೆಟ್ಟದ್ದೆಂದೇ ಫಲಿತಾಂಶ ಬಂತು. ನನ್ನ ತಪ್ಪನ್ನೂ ಬರೆದು ಮೇಲಿನವರಿಗೆ ಕಳಿಸಿ ಬೈಸಿಕೊಂಡೆ.

ಅವತ್ತು ಹೊರಡುವಾಗ ತಾಯಿ ಒಳಗೆ ಹೋಗಿ, ಸೀರೆಗಳ ನಡುವಿನಿಂದ ನನ್ನ ಹಳೆಯ ವರದಿ ತಂದು ಕೈಗಿಟ್ಟರು.

“ಕಾರ್ಖಾನಿಯವ್ರು ಎರಡ ಸಲ ಕೇಳಾಕ ಬಂದಿದ್ರು. ಇನ್ನೂ ಬಂದಿಲ್ಲ ಅಂತ ಸುಳ್ಳ ಹೇಳೀನ್ರಿ. ಇದರಾಗ ಬರದದ್ದು ತಪ್ಪ ಐತಿ ಅಂತ ಎಮ್ಮಿ ಹೇಳಿತ್ತಲ್ರಿ. ನಾಕ ಮಂದ್ಯಾಗ ನಿಮ್ಮ ಹೆಸರ ಕೆಡಬಾರದು.”