ಮಿಕ್ಸರ್ ಎಳೆಯುವ ಗಾಡಿ, ಭಾವನವರ ಸಲಹೆ

ಶಿರಹಟ್ಟಿಯಲ್ಲಿ ಸ್ಲ್ಯಾಬ್ ಕೆಲಸ ಮುಗಿಸಿ ಬರುವಾಗ ನಮ್ಮ ಹಳೆಯ ಪಿಕಪ್ಪು ಏರಿನ ನಡುವೆ ನಿಂತುಬಿಟ್ಟಿತು. ಹಿಂದೆ ಕಾಂಕ್ರೀಟ್ ಕಲಸುವ ಮಿಕ್ಸರ್ ಕಟ್ಟಿತ್ತು. ಮನೆ ಕಟ್ಟುವವರಿಗೆ ಆ ಯಂತ್ರವನ್ನು ಬಾಡಿಗೆಗೆ ಕೊಡುವುದೇ ನಮ್ಮ ಉದ್ಯೋಗ. ಗಂಡ ಬೆಟಗೇರಿಯ ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ನೋಡಿಕೊಳ್ಳುತ್ತಾರೆ. ಅವರ ಬೆನ್ನುನೋವಿಗೆ ಡಾಕ್ಟರು ಸ್ಟೇರಿಂಗ್ ಮುಟ್ಟಬೇಡಿ ಎಂದ ಮೇಲೆ ಗಾಡಿ ಓಡಿಸುವವಳು ನಾನು. ಮಿಕ್ಸರ್ ಎಳೆಯುವುದಕ್ಕೂ ಅದೇ ಗಾಡಿ, ಸಂತೆಗೂ ಅದೇ, ಅತ್ತೆಯವರನ್ನು ದವಾಖಾನೆಗೆ ಕರೆದೊಯ್ಯುವುದಕ್ಕೂ ಅದೇ. ಅವತ್ತು ಯಾರದೋ ಟ್ರ್ಯಾಕ್ಟರಿಗೆ ಸರಪಳಿ ಹಾಕಿಸಿಕೊಂಡು ಊರು ಸೇರಿದೆ. ಮೆಕ್ಯಾನಿಕ್ಕು ಬಾನೆಟ್ ಎತ್ತಿ ನೋಡಿ, ಮತ್ತೆ ಮುಚ್ಚಿ, "ಇದರ ಹಣೇಬರಾ ಮುಗೀತ್ರಿ ಅಕ್ಕಾರ. ಹೊಸಾದು ನೋಡ್ರಿ" ಎಂದ.

ಆ ಸುದ್ದಿ ಸಂಜೆಯೊಳಗೆ ಭಾವನವರಿಗೆ ಮುಟ್ಟಿತು. ಭಾವನವರೆಂದರೆ ನನ್ನ ಗಂಡನ ಅಣ್ಣ. ಜವಳಿ ಅಂಗಡಿ ಇಟ್ಟವರು. ಜೀವಮಾನದಲ್ಲಿ ಸ್ಕೂಟರಿಗಿಂತ ದೊಡ್ಡದನ್ನು ಓಡಿಸಿದವರಲ್ಲ. ಲೈಸೆನ್ಸ್ ಇದೆ, ಮದುವೆಯ ಕೋಟಿನ ಹಾಗೆ ಮಡಿಸಿ ಇಟ್ಟಿದ್ದಾರೆ. ಆದರೆ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರು ಮೊಬೈಲಿನಲ್ಲಿ ಗಾಡಿಗಳ ವಿಡಿಯೋ ನೋಡುತ್ತಾರೆ. ಯಾವುದೋ ಮರಳುಗಾಡಿನಲ್ಲಿ ಯಾರೋ ಕಪ್ಪು ಕನ್ನಡಕದವನು ಪಿಕಪ್ಪು ಹಾರಿಸುವುದನ್ನು ನೋಡಿ ನೋಡಿ, ಗದಗ ಜಿಲ್ಲೆಯಲ್ಲಿ ತಮ್ಮಷ್ಟು ಗಾಡಿ ಬಲ್ಲವರು ಇನ್ನೊಬ್ಬರಿಲ್ಲ ಎಂಬ ನಿರ್ಣಯಕ್ಕೆ ಬಂದಿದ್ದರು.

"ತಮ್ಮಾ, ಗಾಡಿ ಅಂದ್ರ ಎತ್ತರ ಇರಬೇಕು" ಎಂದರು, ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ. "ಮುಂದ ಹೋಗಾವ ಕನ್ನಡಿಯೊಳಗ ನೋಡಿದ ಕೂಡಲೇ ಬಾಜೂಕ ಸರೀಬೇಕು. ಮನಿತನಕ್ಕ ಒಂದ ಕಳೆ ಬರತೈತಿ."

"ಭಾವಾರ, ಅಷ್ಟು ಎತ್ತರ ಆದ್ರ ಗಾಡಿಗೆ ಸಿಗಸೂ ಮಿಕ್ಸರಿನ ಮುಂದಿನ ಕಂಬಿ ಮ್ಯಾಲೆ ಏರತೈತಿ, ಹಿಂದಿನ ಬಾಜೂ ನೆಲಾ ಕೆರೀತೈತಿ" ಎಂದೆ ನಾನು.

ಭಾವನವರು ನನ್ನ ಜೊತೆ ನೇರವಾಗಿ ಮಾತಾಡುವ ರೂಢಿ ಇಟ್ಟುಕೊಂಡಿಲ್ಲ. ತಮ್ಮನ ಕಡೆಯೇ ತಿರುಗಿ, "ಈಗೆಲ್ಲಾ ಸೆನ್ಸರ್ ಅದಾವು ಅಂತ ಹೇಳು ಆಕೀಗೆ" ಎಂದರು.

ಮಿಕ್ಸರಿನ ಕಂಬಿಗೂ ಸೆನ್ಸರಿಗೂ ಏನು ಸಂಬಂಧ ಎಂದು ಅವರಿಗೂ ಗೊತ್ತಿರಲಿಲ್ಲ, ಹೇಳಬೇಕಾದ ನನ್ನ ಗಂಡನಿಗೂ ಗೊತ್ತಿರಲಿಲ್ಲ. ನನ್ನ ಗಂಡ ಅಣ್ಣನ ಮುಂದೆ ಬಾಯಿ ಬಿಡುವವರಲ್ಲ. ಚಹಾವನ್ನು ಬಶಿಗೆ ಸುರುವಿಕೊಂಡು ಕುಡಿದರು.

ಮರುದಿನ ಮೂವರೂ ಗದಗಿನ ಶೋರೂಮಿಗೆ ಹೋದೆವು. ಟೈ ಕಟ್ಟಿದ ಸೇಲ್ಸ್‌ಮನ್ನು ಗಂಡಸರಿಬ್ಬರನ್ನೂ ಸೋಫಾದ ಮೇಲೆ ಕೂಡಿಸಿ, ನನಗೊಂದು ಕುರ್ಚಿ ಎಳೆದು, ಬಣ್ಣಗಳ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟ.

"ಮೇಡಂ, ನೀವು ಕಲರ್ ನೋಡತಿರ್ರಿ. ನಾ ಸರ್ ಅವರಿಗೆ ಗಾಡಿ ತೋರಸ್ತೀನಿ."

ನಾನು ಪುಸ್ತಕ ಮುಚ್ಚಿದೆ. "ಬಣ್ಣ ಹೊತ್ತಕೊಂಡು ಏನ್ ಮಾಡ್ಲಿ? ಹಿಂದ ಕಟ್ಟಿದ್ರ ಎಷ್ಟು ತೂಕ ಎಳೀತೈತಿ, ಅದನ್ನ ಹೇಳ್ರಿ."

"ಪಿಕಪ್ ಮಸ್ತ್ ಐತ್ರಿ ಮೇಡಂ."

"ಎಳೆಯೂದು ಕೇಳಿದೆ."

ಅವನು ಸ್ವಲ್ಪ ಯೋಚಿಸಿದ. "ಸ್ಕ್ರೀನ್ ದೊಡ್ಡದು ಐತ್ರಿ. ಹಾಡು ಕೇಳಬಹುದು."

ಅಷ್ಟರಲ್ಲಿ ಭಾವನವರು ಅಲ್ಲಿ ನಿಲ್ಲಿಸಿದ್ದ ಎಲ್ಲಕ್ಕಿಂತ ಎತ್ತರದ ಗಾಡಿ ಏರಿ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಗಲ್ಲ ಮೇಲೆತ್ತಿ ಕೂತಿದ್ದರು. ಸೇಲ್ಸ್‌ಮನ್ನು ಓಡಿ ಹೋಗಿ ಅವರ ಮೊಬೈಲಿನಲ್ಲೇ ಫೋಟೋ ತೆಗೆದ. ನಾವು ಶೋರೂಮಿನ ಮೆಟ್ಟಿಲು ಇಳಿಯುವುದರೊಳಗೆ ಆ ಫೋಟೋ ಮನೆತನದ ವಾಟ್ಸಾಪ್ ಗುಂಪಿಗೆ ಹೋಗಿ, ಹರ್ತಿಯ ಸೋದರತ್ತೆ ಪೇಢೆ ಯಾವಾಗ ಎಂದು ಕೇಳಿಯಾಗಿತ್ತು. ಖರೀದಿಯೇ ಆಗದ ಗಾಡಿಗೆ ನಮ್ಮ ಬಳಗದ ಅರ್ಧಕ್ಕರ್ಧ ಜನ ಅಭಿನಂದನೆ ಹೇಳಿದರು. ಇನ್ನು ಹಿಂದೆ ಸರಿಯುವ ಹಾಗಿಲ್ಲ ಎನ್ನುವುದು ಭಾವನವರ ಲೆಕ್ಕಾಚಾರ.

ನಾನೊಂದು ಶರತ್ತು ಹಾಕಿದೆ. ಗಾಡಿಯನ್ನು ನಮ್ಮ ಓಣಿಗೆ ತರಬೇಕು, ಮಿಕ್ಸರ್ ಕಟ್ಟಿ ನೋಡಬೇಕು. ಸೇಲ್ಸ್‌ಮನ್ನು ಒಪ್ಪಿದ; ಭಾವನವರ ಫೋಟೋ ನೋಡಿ ವ್ಯಾಪಾರ ಕುದುರಿತೆಂದೇ ಅವನೂ ತಿಳಿದಿದ್ದ.

ನಮ್ಮದು ಬೆಟಗೇರಿಯ ನೇಕಾರರ ಓಣಿ. ಎರಡೂ ಕಡೆ ಮಗ್ಗದ ಮನೆಗಳು, ಮನೆಗಳ ಮುಂದೆ ಕಟ್ಟೆಗಳು. ಗಾಡಿ ಒಳಗೆ ಬಂದಾಗಲೇ ಎರಡೂ ಕನ್ನಡಿಗಳನ್ನು ಮಡಚಬೇಕಾಯಿತು. ಮಿಕ್ಸರನ್ನು ಹುಕ್ಕಿಗೆ ಸಿಕ್ಕಿಸಿದೆವು. ನಾನು ಹೇಳಿದ ಹಾಗೆಯೇ ಕಂಬಿ ಆಕಾಶ ನೋಡಿತು, ಹಿಂಭಾಗ ನೆಲಕ್ಕೆ ಇಳಿಯಿತು. ಗಂಡಸರೆಲ್ಲ ಅದನ್ನು ನೋಡಿಯೂ ನೋಡದ ಹಾಗೆ ಮಾಡಿದರು.

"ನಾ ತಗೀತೀನಿ" ಎಂದು ಭಾವನವರು ಚಾಲಕನ ಸೀಟಿಗೆ ಏರಿದರು. ನಮ್ಮ ಓಣಿಯ ಆ ಕೊನೆ ಮುಚ್ಚಿದೆ, ಹೊರಗೆ ಹೋಗಬೇಕೆಂದರೆ ಹಿಂದಕ್ಕೇ ಹೋಗಬೇಕು. ಹಿಂದೆ ಏನಾದರೂ ಕಟ್ಟಿಕೊಂಡು ರಿವರ್ಸ್ ಹೋಗುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಕಟ್ಟಿದ್ದು ಬಲಕ್ಕೆ ಹೋಗುತ್ತದೆ. ಮರಳುಗಾಡಿನ ಕಪ್ಪು ಕನ್ನಡಕದವನು ಇದನ್ನು ಹೇಳಿಕೊಟ್ಟಿರಲಿಲ್ಲ. ಭಾವನವರು ಎಡಕ್ಕೆ ಎಳೆದರು, ಮಿಕ್ಸರು ಬಲಗಡೆಯ ಕಟ್ಟೆಗೆ ಹೊರಳಿತು. ಗಾಬರಿಯಾಗಿ ಇನ್ನಷ್ಟು ಎಡಕ್ಕೆ ಎಳೆದರು. ಸೆನ್ಸರು ಮಿಕ್ಸರನ್ನೇ ಗೋಡೆ ಎಂದು ತಿಳಿದು ಒಂದೇ ಸಮನೆ ಕಿರುಚತೊಡಗಿತು. ಆ ದೊಡ್ಡ ಸ್ಕ್ರೀನಿನ ತುಂಬ ಸಿಮೆಂಟು ಮೆತ್ತಿದ ಮಿಕ್ಸರಿನ ಹೊಟ್ಟೆ ಬಿಟ್ಟು ಬೇರೇನೂ ಕಾಣಲಿಲ್ಲ. ಮಿಕ್ಸರು ಗಾಡಿಯ ಪಕ್ಕೆಗೆ ಮಡಚಿ ಕೂತಿತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು, ಜನ ಬಾಗಿಲಿಗೆ ಬಂದರು.

ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಎದುರು ಮನೆಯ ಮುದುಕಿ ಹಣೆಗೆ ಕೈ ಹಚ್ಚಿ ನೋಡಿ, "ಗಾಡಿ ಭಾಳ ಹೆಚ್ಚಿಂದು ಕಾಣತೈತಿ. ಹೋಗಾಕ ಒಲ್ಲದು" ಎಂದಳು.

ಭಾವನವರು ಬೆವರೊರೆಸಿಕೊಂಡು ಇಳಿದರು. "ಓಣಿ ಸಣ್ಣದಾತು."

"ಓಣಿ ಇವತ್ತ ಸಣ್ಣದಾಗಿಲ್ರಿ ಭಾವಾರ" ಎಂದು ನಾನು ಏರಿದೆ. ಬಾನೆಟ್ಟು ಮದುವೆಯ ಹಂದರದಷ್ಟು ಅಗಲ. ಅದರ ಆಚೆ ಮನುಷ್ಯ ನಿಂತಿದ್ದಾನೋ ಕಂಬ ನಿಂತಿದೆಯೋ ತಿಳಿಯುವುದಿಲ್ಲ. ಅತ್ತ ಇತ್ತ ಜಗ್ಗಾಡಿ, ಮಿಕ್ಸರನ್ನು ಸರಿದಾರಿಗೆ ತಂದು ಗಾಡಿಯನ್ನು ಹೊರಗೆ ಬಿಟ್ಟೆ. ಸೇಲ್ಸ್‌ಮನ್ನು ಅದರ ಮೈಯನ್ನೆಲ್ಲ ತಡವಿ ಗೀರು ಹುಡುಕಿದ. ನನಗೆ ಒಂದು ಮಾತೂ ಹೇಳಲಿಲ್ಲ. ಹೋಗುವಾಗ ಮಾತ್ರ ಗಂಡನ ಕೈ ಕುಲುಕಿ, "ಮೇಡಂ ಛಲೋ ಓಡಸ್ತಾರ್ರಿ ಸರ್" ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ.

ಊಟಕ್ಕೆ ಕೂತಾಗ ಗಂಡ ಮೆಲ್ಲಗೆ ಹೇಳಿದರು: "ಓಡಸಾಕಿ ನೀ. ನಿನಗ ಯಾವುದು ಬೇಕೋ ಅದನ್ನ ತಗೋ."

"ಈ ಮಾತನ್ನ ಆ ಸೋಫಾದ ಮ್ಯಾಲೆ ಕುಂತಾಗ ಆಡಿದ್ರ ನಿಮ್ಮ ಗಂಟೇನ್ ಹೋಗತಿತ್ತು?" ಎಂದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಅಣ್ಣ ಇದ್ದ" ಎಂದರು. ಐವತ್ತು ದಾಟಿದ ಗಂಡಸಿಗೆ ಅದು ಕಾರಣವಂತೆ. ನನಗೆ ಸಿಟ್ಟು ಬಂತು, ಪಲ್ಯ ಬಡಿಸದೆ ಎದ್ದುಹೋದೆ.

ಭಾವನವರಿಗೆ ತಿಳಿಸದೆ ನಾವಿಬ್ಬರೇ ಬೇರೆ ಶೋರೂಮಿಗೆ ಹೋದೆವು. ಅಲ್ಲಿನ ಮ್ಯಾನೇಜರು ಮೊದಲು ಕೇಳಿದ್ದೇ "ಓಡಸೋರು ಯಾರ್ರಿ?" ಎಂದು. ಅಷ್ಟಕ್ಕೇ ಅವನ ಮೇಲೆ ಗೌರವ ಬಂತು. ಎಂಥ ಬರಗಾಲ ನೋಡಿ, ಇಷ್ಟು ಸಣ್ಣ ಪ್ರಶ್ನೆಗೆ ಗೌರವ ಕೊಡಬೇಕಾಗಿ ಬರುವುದು! ಅವನು ತೋರಿಸಿದ್ದು ಗಿಡ್ಡ ಮೈಯ, ಅರ್ಧ ಟನ್ ಹೊರುವ ಸಾದಾ ಗಾಡಿ. ಸ್ಕ್ರೀನಿಲ್ಲ, ಸೆನ್ಸರಿಲ್ಲ. ಓಣಿಗೆ ತರಿಸಿ ಮಿಕ್ಸರ್ ಕಟ್ಟಿದಾಗ ಕಂಬಿ ನೆಟ್ಟಗೆ ಕೂತಿತು. ಮಿಕ್ಸರ್ ಸಮೇತ ಮುಂಡರಗಿ ರಸ್ತೆಯ ಏರಿಗೆ ಒಯ್ದು, ನಡುವೆ ಬೇಕೆಂದೇ ನಿಲ್ಲಿಸಿ, ಮತ್ತೆ ಎತ್ತಿದೆ. ಹಿಂದಕ್ಕೆ ಜಾರಲಿಲ್ಲ. ಅದನ್ನೇ ತೆಗೆದುಕೊಂಡೆವು. ಖರೆ ಹೇಳಬೇಕೆಂದರೆ ಖಾಲಿ ಇದ್ದಾಗ ಅದು ಆಡಿನ ಮರಿಯ ಹಾಗೆ ಕುಣಿಯುತ್ತದೆ. ಕುರ್ತಕೋಟಿಗೆ ಹೋಗಿ ಬಂದ ಅತ್ತೆಯವರು ಎರಡು ದಿನ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡು ನನ್ನ ಆಯ್ಕೆಯನ್ನು ಬಾಯ್ತುಂಬ ಬೈದರು. ಸೀಟಿಗೆ ದಪ್ಪ ಮೆತ್ತೆ ಹೊಲಿಸಿದೆ.

ಭಾವನವರು ಒಂದು ವಾರ ನಮ್ಮ ಮನೆಗೆ ಬರಲಿಲ್ಲ. ಆಮೇಲೆ ಲಕ್ಷ್ಮೇಶ್ವರದಲ್ಲಿ ಸಿಕ್ಕರು. ಅವರ ಗಿರಾಕಿಯೊಬ್ಬರ ಮನೆಗೆ ಸ್ಲ್ಯಾಬ್ ಹಾಕುವುದಿತ್ತು, ನಾನು ಮಿಕ್ಸರ್ ಒಯ್ದಿದ್ದೆ. ಭಾವನವರು ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು, ಮನೆಯ ಯಜಮಾನನಿಗೆ ನಮ್ಮ ಗಾಡಿ ತೋರಿಸುತ್ತ ಹೇಳುತ್ತಿದ್ದರು: "ನಾನ ಹೇಳಿದೆ ತಮ್ಮಗ, ಎಳಿಯಾಕ ಗಿಡ್ಡ ಗಾಡೀನ ಬೇಕು ಅಂತ. ಎತ್ತರದ್ದು ಶೋಕಿಗಷ್ಟ."

ನಾನು ಮಿಕ್ಸರಿನ ಹುಕ್ಕು ಬಿಚ್ಚುತ್ತಿದ್ದೆ. ತಿದ್ದಲು ಹೋಗಲಿಲ್ಲ, ಅಂಥವರನ್ನು ತಿದ್ದುವುದೆಂದರೆ ಅವರಿಗೆ ಇನ್ನೊಂದು ಭಾಷಣಕ್ಕೆ ಜಾಗ ಮಾಡಿಕೊಟ್ಟ ಹಾಗೆ. ಆ ಮನೆಯ ಸೊಸೆ ಚಹಾ ತಂದವಳು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದಳು. ಅವರ ಹೊಲದ ಮೆಣಸಿನಕಾಯಿಯನ್ನು ಮಾರುಕಟ್ಟೆಗೆ ಒಯ್ಯಲು ಅವರೂ ಗಾಡಿ ನೋಡುತ್ತಿದ್ದರಂತೆ.

"ಕಲಿಯಾಕ ಭಾಳ ಕಷ್ಟ ಐತೇನ್ರಿ ಅಕ್ಕಾರ?" ಎಂದು ಕೇಳಿದಳು.

"ಅದರಾಗೇನೈತಿ..." ಎಂದು ಭಾವನವರು ಕುರ್ಚಿಯಿಂದಲೇ ಶುರು ಮಾಡಿದರು. ಆ ಹುಡುಗಿ ಅವರ ಕಡೆ ತಿರುಗಲೂ ಇಲ್ಲ. ಚಹಾದ ತಟ್ಟೆಯನ್ನು ಅವರ ಕೈಗೇ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಬಾಗಿಲು ತೆಗೆದು ಚಾಲಕನ ಸೀಟಿಗೆ ಹತ್ತಿ ಕೂತಳು.