ಆವತಿಯಲ್ಲಿ ಕೆತ್ತಿಸಿದ ನಾಲ್ಕಕ್ಷರ

ಯುದ್ಧದ ದಿನಗಳವು. ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಬೆಂಗಳೂರಿನಿಂದ ದೇವನಹಳ್ಳಿ ಮುಟ್ಟಲು ಮೂರು ಗಂಟೆ ತೆಗೆದುಕೊಂಡಿತು. ಟಿಕೆಟ್ಟು ತಲೆಗೆ ಎಂಟಾಣೆ; ಏರಿನಲ್ಲಿ ಇಳಿದು ತಳ್ಳಿದ್ದು ಬಿಟ್ಟಿ. ಪಕ್ಕದಲ್ಲಿ ಅಪ್ಪ, ನಲವತ್ತು ವರ್ಷ ಚರ್ಚಿನ ಉಪದೇಶಿಯಾಗಿದ್ದವರು. ಅಮ್ಮನ ಸಮಾಧಿಯ ಶಿಲುಬೆಗೆ ಕೆತ್ತಿಸಬೇಕಾದ ಬರಹ ಅವರ ಜೇಬಿನಲ್ಲಿತ್ತು. ಅದರಲ್ಲಿ ಮಕ್ಕಳ ಜಾಗದಲ್ಲಿ ನನ್ನ ಹೆಸರೊಂದೇ. ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿ ಜೈಲು ಸೇರಿದ್ದ ನನ್ನ ತಮ್ಮ ಚೌರಪ್ಪನ ಹೆಸರಿಲ್ಲ. "ರಾಜದ್ರೋಹಿ ಹೆಸರು ಅವಳ ಸಮಾಧಿ ಮೇಲೆ ಬೇಡ" ಎಂದುಬಿಟ್ಟಿದ್ದರು ಅಪ್ಪ.

ಅವನ ಹೆಸರನ್ನೂ ಸೇರಿಸಿ ಎಂದು ಕೇಳಲೇಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡೆ. ನಾನೋ ಹುಟ್ಟಾ ಪುಕ್ಕಲ, ಬಾಯೇ ಬರಲಿಲ್ಲ. ಕಲ್ಲಿಗೆ ಉಳಿ ಬಿದ್ದಮೇಲೆ ಸೇರಿಸಲಾದೀತೆ? ದೇವನಹಳ್ಳಿಯ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅಲ್ಲಿಂದ ಉರಿಬಿಸಿಲಲ್ಲಿ ಜಟಕಾ ಹಿಡಿದು ಆವತಿಗೆ ಹೋದೆವು.

ಕಲ್ಲುಕೆಲಸದ ವೀರಾಚಾರಿ ಶಿಲುಬೆ ಕಡೆದಿಟ್ಟಿದ್ದ. ಅಕ್ಷರವಷ್ಟೇ ಬಾಕಿ. ಚೀಟಿ ನೋಡಿ ಉಳಿ ಕೆಳಗಿಟ್ಟ.

"ಮೇಲ್ಗಡೆ ಈ ನಾಕಕ್ಷರ ಏನು ಸ್ವಾಮಿ? ಅರ್ಥ ತಿಳೀದಿದ್ದನ್ನ ನಮ್ಮನೇಲಿ ಕೆತ್ತಲ್ಲ. ಹಳೇ ಶಾಸನದಲ್ಲಿರೋ ಹಂಗೆ ಶಾಪಗೀಪ ಇದ್ರೆ ಕೆತ್ತಿದೋನ್ಗೇ ತಟ್ಟೋದು."

ನಾಡಿದ್ದು ಅಮ್ಮನ ಮೂವತ್ತನೇ ದಿನದ ಪೂಜೆ. ಇವನು ಒಲ್ಲೆನೆಂದರೇನು ಗತಿ? ಅಪ್ಪ ಮಾತ್ರ ಪಾಠಕ್ಕೆ ಕೂತವರಂತೆ ಗಂಟಲು ಸರಿಮಾಡಿಕೊಂಡರು.

"ಲ್ಯಾಟಿನ್ ಕಣಪ್ಪ ಇದು. ಐ ಅಂದ್ರೆ ಯೇಸು, ಎನ್ ಅಂದ್ರೆ ನಜರೇತಿನೋನು, ಆರ್ ಅಂದ್ರೆ ರೆಕ್ಸ್, ರಾಜ. ಕೊನೇ ಐ ಅಂದ್ರೆ ಯೆಹೂದ್ಯರ. ಯೆಹೂದ್ಯರ ರಾಜ, ನಜರೇತಿನ ಯೇಸು."

"ಹೊಗಳಿ ಬರ್ದಿರೋದಾ?"

"ಅಲ್ಲಪ್ಪ. ಅಪರಾಧಿ ಮಾಡಿದ ತಪ್ಪನ್ನ ಹಲಗೆ ಮೇಲೆ ಬರೆಯೋದು ರೋಮ್ ಸರ್ಕಾರದ ವಾಡಿಕೆ. ಪಿಲಾತ ಅನ್ನೋ ಅಧಿಕಾರಿ ಇದನ್ನ ಬರೆಸಿ ಶಿಲುಬೆಗೆ ಹೊಡೆಸಿದ. ಚಕ್ರವರ್ತಿ ಇರೋವಾಗ ಇನ್ನೊಬ್ಬ ರಾಜ ಅಂದ್ರೆ..." ಅಪ್ಪ ಅಲ್ಲಿಗೇ ನಿಂತರು.

"ರಾಜದ್ರೋಹ ಅನ್ನಿ," ವೀರಾಚಾರಿ ಮುಗಿಸಿದ. "ಅಬ್ಬಬ್ಬಾ! ಸರ್ಕಾರ ಹೊರಿಸಿದ ತಪ್ಪನ್ನೇ ತಲೆ ಮೇಲಿಟ್ಕೊಂಡು ಕೈಮುಗೀತೀರಲ್ಲ ಸ್ವಾಮಿ!"

ಅಪ್ಪ ಸಿಟ್ಟಾದರು ಎಂದೇ ಹೆದರಿದೆ. ಅವರು ನನ್ನ ಜೇಬಿನ ಪೆನ್ಸಿಲ್ ಕಿತ್ತುಕೊಂಡು, ಚೀಟಿಯನ್ನು ಮೊಣಕಾಲಮೇಲಿಟ್ಟು, ನನ್ನ ಹೆಸರಿನ ಕೆಳಗೆ ಚೌರಪ್ಪ ಎಂದು ಬರೆದರು. ನನಗೆ ಅಳು ಬಂತು.

ನಾಳೆಯೊಳಗೆ ಗಾಡಿಯಲ್ಲಿ ಕಳಿಸುವುದಾಗಿ ವೀರಾಚಾರಿ ಮಾತು ಕೊಟ್ಟ. ಜಟಕಾ ಹತ್ತಿದೆವು. ಹಿಂದೆ ಉಳಿಯ ಸದ್ದು ಶುರುವಾಯಿತು. ಅಮ್ಮ ಹೋದ ಸುದ್ದಿಗೆ ಜೈಲಿನಿಂದ ತಮ್ಮನೇನು ಬರೆದ ಎಂದು ಈಗಲಾದರೂ ಕೇಳೋಣವೆನಿಸಿತು. ಅವನಿಗೆ ಕಾಗದ ಬರೆಯುವುದನ್ನು ಅಪ್ಪನಿಗೇ ಬಿಟ್ಟಿದ್ದೆ. ಕೇಳಿದೆ.

ಅಪ್ಪ ಪೆನ್ಸಿಲನ್ನು ಮತ್ತೆ ನನ್ನ ಜೇಬಿಗೆ ಸಿಕ್ಕಿಸಿದರು.

"ಅವನಿಗಿನ್ನೂ ಗೊತ್ತಿಲ್ಲ ಕಣೋ," ಅಂದರು. "ನಾನು ಬರೀಲೇ ಇಲ್ಲ."