ಲಾಭ ಎಂದು ಶುರುವಾಗುವ ಎಣಿಕೆ

“ಅಲ್ಲ ಯವ್ವಾ, ನಂಬರ ಗಾಳ್ಯಾಗ ಬರ್ತಾವಂದ್ರ, ನಡು ನಿಂತ ಮನಷ್ಯಾಗ ಬಡಿಯಂಗಿಲ್ಲೇನು?”

ಅಪ್ಪ ಕೇಳಿದ. ನಾನು ಸರ್ಕಿಟ್ ಬೋರ್ಡಿನಿಂದ ತಲೆ ಎತ್ತದೆಯೇ, “ಬಡಿಯಂಗಿಲ್ಲಪಾ, ನೀ ಸುಮ್ನ ಕೂಡು” ಅಂದೆ. ಆ ಉತ್ತರ ತಪ್ಪು ಅಂತ ಆಗ ನನಗೆ ಗೊತ್ತಿರಲಿಲ್ಲ.

ಕಮಲಾಪುರದಲ್ಲಿ ಅಪ್ಪ ಬಾಳೆಕಾಯಿ ಮಾಗಿಸುವ ಒಂದು ಕೋಣೆಯಲ್ಲಿ ಕೆಲಸಕ್ಕಿದ್ದ. ಕೆಂಪು ಬಾಳೆಯ ಗೊನೆಗಳನ್ನು ಹೊತ್ತು ತಂದು ಒಳಗೆ ಒಟ್ಟಿ, ಬಾಗಿಲು ಮುಚ್ಚಿ, ಸಂದಿಗೆ ಗೋಣಿಚೀಲ ತುರುಕುತ್ತಿದ್ದರು. ಆಮೇಲೆ ಮೂರು ದಿನ ಯಾರೂ ತೆಗೆಯುವಂತಿಲ್ಲ. ಒಳಗಿನ ಕಾವು ತಿಳಿಯಲು ಅಪ್ಪ ಬಾಗಿಲಿಗೆ ಅಂಗೈ ಹಚ್ಚಿ ನೋಡುತ್ತಿದ್ದ. ಸಣ್ಣವಳಿದ್ದಾಗ ನಾನೂ ಹಚ್ಚಿ ನೋಡಿದ್ದೇನೆ, ಏನೂ ತಿಳಿದಿಲ್ಲ. ಕಲಬುರಗಿಯ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಆ ಬಾಗಿಲೇ ನೆನಪಾಯಿತು. ಕಾವು ಅಳೆಯುವ ಸೆನ್ಸರು ಒಳಗಿರುತ್ತದೆ, ಅದು ಬ್ಲೂಟೂತ್ ಮೂಲಕ ಅಂಕಿ ಕಳಿಸುತ್ತದೆ, ಹೊರಗೆ ಇನ್ನೊಂದು ಬೋರ್ಡು ಅದನ್ನು ಹಿಡಿದು ಸಣ್ಣ ಪರದೆಯ ಮೇಲೆ ತೋರಿಸುತ್ತದೆ. ಬಾಗಿಲು ತೆಗೆಯುವ ಕೆಲಸವೇ ಇಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದವಳು ನಾನೇ ಮೊದಲು. ಎರಡು ವಿಷಯದಲ್ಲಿ ಬಿದ್ದು, ಮತ್ತೆ ಕೂತು ಓದಿ ಪಾಸಾಗಿದ್ದೆ. ಉಳಿದದ್ದು ಈ ಪ್ರಾಜೆಕ್ಟು ಒಂದೇ. ಪ್ರಾಜೆಕ್ಟು ನೋಡಿಕೊಳ್ಳುತ್ತಿದ್ದ ಸರ್ ಮೊದಲೇ ಹೇಳಿಬಿಟ್ಟಿದ್ದರು: “ಸೋಮವಾರ ಹೊರಗಿನ ಪರೀಕ್ಷಕರು ಬರ್ತಾರ. ಪರದಿ ಮ್ಯಾಲ ಸುಳ್ಳು ನಂಬರ ಬಂತಂದ್ರ ಅವರು ಸಹಿ ಮಾಡಂಗಿಲ್ಲ ನೋಡವಾ. ಮುಂದಿನ ವರ್ಷ ಬಾ.” ಮುಂದಿನ ವರ್ಷ ಎನ್ನುವುದು ನನ್ನಂಥವರಿಗೆ ಇರುವುದಿಲ್ಲ.

ವೈರು ಹಚ್ಚಿ ನೋಡಿದಾಗ ಅಂಕಿಗಳು ಸರಿಯಾಗಿಯೇ ಬರುತ್ತಿದ್ದವು. ವೈರು ಕಿತ್ತು ಬ್ಲೂಟೂತ್ ಹಾಕಿದ ದಿನದಿಂದ ಕೆಟ್ಟಿತು. 27.5 ಬರಬೇಕಾದಲ್ಲಿ ಒಮ್ಮೆ 2, ಮರುಕ್ಷಣ 7.5. ಇನ್ನೊಮ್ಮೆ 7.527. ಅಪ್ಪ ಹಾಗೆ ಕೇಳಿದ ಆ ಶನಿವಾರ ಕೋಣೆಯ ಮುಂದೆ ಕೂತಾಗಲೂ ಅದೇ ಕತೆ. ಅಪ್ಪನಿಗೆ ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು. ಪರದೆಗೆ ಬಗ್ಗಿ ನೋಡಿ ಅಂದ: “ಏಳು? ನಿನ್ನ ಡಬ್ಬಿ ಪ್ರಕಾರ ಒಳಗ ಕುಲ್ಫಿ ಆಗ್ಯಾದ.”

ನಾನು ಬ್ಲೂಟೂತ್ ಮಾಡ್ಯೂಲಿನ ಮೇಲೆಯೇ ಸಂಶಯಪಟ್ಟಿದ್ದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಬಿಡಿಭಾಗಗಳ ಅಂಗಡಿಗೆ ಮೂರು ಸಲ ಹೋಗಿ ಬದಲಿಸಿ ತಂದಿದ್ದೆ. ಮೂರನೇ ಸಲ ಅಂಗಡಿಯ ಭಾಯಿ ನಕ್ಕುಬಿಟ್ಟಿದ್ದರು. “ಫಿರ್ ಬಂದ್ರಿ? ಬೆಹೆನ್, ಮಾಲು ಖರಾಬ್ ಇಲ್ರೀ. ನಿಮ್ ಪ್ರೋಗ್ರಾಮಿನ್ಯಾಗೇ ಏನೋ ಗಡಬಡಿ ಅದ.” ಸಿಟ್ಟು ಬಂದಿತ್ತು. ಗಡಬಡಿ ಎಲ್ಲಿದೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ದೊಡ್ಡಮ್ಮ ಜೋಳದ ಚೀಲ ತರಿಸಿ, ಅಳೆದುಕೊಡು ಅಂತ ಅಪ್ಪನನ್ನು ಕರೆದಳು. ತಕ್ಕಡಿ ಎಷ್ಟು ಬಂದರೂ ನಮ್ಮ ಓಣಿಯಲ್ಲಿ ಜೋಳಕ್ಕೆ ಅಪ್ಪನ ಸೇರೇ ಬೇಕು. ಅಪ್ಪ ಎಂದೂ ಒಂದು ಅಂತ ಎಣಿಕೆ ಶುರು ಮಾಡುವುದಿಲ್ಲ. ಮೊದಲ ಸೇರಿಗೆ “ಲಾಭ” ಅನ್ನುತ್ತಾನೆ. ಎರಡನೆಯದು ಬೀಳುವ ತನಕ “ಲಾಭ, ಲಾಭ” ಅನ್ನುತ್ತಲೇ ಇರುತ್ತಾನೆ. ಆಮೇಲೆ “ಎರಡು, ಎರಡು”, ಆಮೇಲೆ “ಮೂರು, ಮೂರು”. ಮುಗಿದಾಗ ಸೇರನ್ನು ಬೋರಲು ಹಾಕಿ “ಆತು” ಅನ್ನುತ್ತಾನೆ.

ಹನ್ನೊಂದನೆಯ ಸೇರಿಗೆ ಬಂದಾಗ ನಾನು ಒಳಗಿನಿಂದ ಕೂಗಿದೆ. “ಅಪ್ಪಾ, ನನ್ನ ಚಾರ್ಜರ್ ಎಲ್ಲಿಟ್ಟೀದಿ?”

ಎಣಿಕೆ ನಿಂತಿತು. ಅಪ್ಪ ಅಳೆದ ಜೋಳವನ್ನೆಲ್ಲ ಬಾಚಿ ಚೀಲಕ್ಕೆ ಹೊಳ್ಳಿ ಸುರುವಿದ.

“ಅಯ್ಯ, ಹನ್ನೊಂದಾಗಿತ್ತಲ್ಲೋ ತಮ್ಮಾ” ಅಂದಳು ದೊಡ್ಡಮ್ಮ.

“ಹನ್ನೊಂದೋ ಹನ್ನೆರಡೋ ನನಗ ಸಂಶೆ ಬಂತವಾ. ಸಂಶೆ ಬಂದ ಜ್ವಾಳ ನಿನ್ನ ಮನಿಗಿ ಕಳಸಂಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನಡು ಬಾಯಿ ಹಾಕಬ್ಯಾಡ ಅಂತ ಸಣ್ಣಾಕಿ ಇದ್ದಾಗಿಂದ ಹೇಳ್ಲಾಕತ್ತೀನಿ. ಎಂಜಿನಿಯರಂತ ಎಂಜಿನಿಯರ!”

ಚಾರ್ಜರ್ ಮರೆತೇಹೋಯಿತು. ಹೊಸ್ತಿಲ ಮೇಲೆ ಕೂತು ಇಪ್ಪತ್ತನೆಯ ಸೇರಿನವರೆಗೂ ಕೇಳಿದೆ. ಹುಟ್ಟಿದಾಗಿನಿಂದ ಕೇಳಿದ ಎಣಿಕೆ ಅದು, ಕಿವಿಗೊಟ್ಟದ್ದು ಅವತ್ತೇ. ಬ್ಲೂಟೂತ್ 27.5ರ ನಾಲ್ಕು ಅಕ್ಷರಗಳನ್ನು ಯಾವಾಗಲೂ ಒಟ್ಟಿಗೆ ತರುವುದಿಲ್ಲ. ಒಂದು ತಂದು, ತುಸು ತಡೆದು, ಉಳಿದದ್ದು ತರುತ್ತದೆ. ನನ್ನ ಪ್ರೋಗ್ರಾಮು ಬಂದಷ್ಟೇ ಪೂರ್ತಿ ಅಂತ ನಂಬಿ ಪರದೆಗೆ ಬರೆಯುತ್ತಿತ್ತು. ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ನಾನು ಅದಕ್ಕೆ ಹೇಳಿಯೇ ಇರಲಿಲ್ಲ.

ಅಲ್ಲೇ ಕೂತು ಎರಡೂ ಬೋರ್ಡಿನ ಪ್ರೋಗ್ರಾಮು ತಿದ್ದಿದೆ. ಪ್ರತಿ ಅಂಕಿಯ ಮುಂದೆ ಶುರುವಿನ ಗುರುತಾಗಿ ಇಂಗ್ಲಿಷಿನ ಎಲ್ ಅಕ್ಷರ. ಅಂಕಿ ಎರಡು ಸಲ. ಕೊನೆಗೆ ಸಾಲು ಮುಗಿದ ಗುರುತು. ಹಿಡಿಯುವ ಬೋರ್ಡು ಮುಗಿದ ಗುರುತು ಬರುವ ತನಕ ಬಾಯಿ ಬಿಡಬಾರದು. ಎರಡು ಅಂಕಿ ಹೊಂದದಿದ್ದರೆ, ನಡುವೆಯೇ ಇನ್ನೊಂದು ಎಲ್ ಬಂದರೆ, ಅಲ್ಲಿಯವರೆಗಿನದೆಲ್ಲ ಚೆಲ್ಲಿಬಿಡಬೇಕು. ಏನೂ ಬಾರದಿದ್ದರೆ ಪರದೆಯ ಮೇಲೆ ಬರೀ ಗೆರೆ.

ಮಧ್ಯಾಹ್ನ ಬಾಗಿಲ ಸಂದಿಯ ಗೋಣಿಚೀಲ ತುಸು ಸರಿಸಿ, ದಾರ ಕಟ್ಟಿದ ಸೆನ್ಸರಿನ ಡಬ್ಬಿಯನ್ನು ಹಿಂದಿನ ದಿನದಂತೆಯೇ ಒಳಗೆ ಬಿಟ್ಟು, ಕೋಣೆಯ ಎದುರಿನ ಬೇವಿನ ಕಟ್ಟೆಯ ಮೇಲೆ ಬೋರ್ಡಿಟ್ಟು ಕಾದೆ. 27.5 ಬಂತು. ಮತ್ತೆ 27.5. ಆಮೇಲೆ 27.6. ಅರ್ಧ ಗಂಟೆ ಕೂತರೂ ಒಂದೂ ಮುರಿದ ಅಂಕಿ ಬರಲಿಲ್ಲ. ಅಪ್ಪ ಬಂದು ಬೋರ್ಡಿನ ಮುಂದೆ, ಬಾಗಿಲಿಗೆ ಬೆನ್ನು ಮಾಡಿ, ಬಗ್ಗಿ ನಿಂತ. ಪರದೆಯ ಮೇಲೆ ಗೆರೆ ಮೂಡಿತು. ಅವನು ಪಕ್ಕಕ್ಕೆ ಸರಿದ. ಅಂಕಿ ಬಂತು. ಮತ್ತೆ ಅಡ್ಡ ನಿಂತ. ಗೆರೆ.

“ಬಡಿಯಂಗಿಲ್ಲ ಅಂದಿದ್ದಿ!”

“ಬಡೀತದಪಾ” ಅಂದೆ. ಮನುಷ್ಯನ ಮೈಯಲ್ಲಿ ನೀರೇ ಹೆಚ್ಚು, ಬಾಳೆಯ ಗೊನೆಯಲ್ಲೂ ಅಷ್ಟೇ, ನೀರು ಆ ಅಲೆಗಳನ್ನು ಕುಡಿಯುತ್ತದೆ ಅಂತ ಹೇಳಿದೆ. ಅಪ್ಪ ಎದೆ ಸವರಿಕೊಂಡ. “ನೋವಂತೂ ಆಗವಲ್ದು ನೋಡು.” ಹೋಗುವ ತನಕ ನಾಲ್ಕಾರು ಸಲ ಅಡ್ಡ ನಿಂತು, ಸರಿದು, ಪರೀಕ್ಷೆ ಮಾಡಿದ.

ಸೋಮವಾರ ಪರೀಕ್ಷಕರು ಸೆನ್ಸರಿನ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಲ್ಯಾಬಿನಿಂದ ಹೊರಬಿದ್ದು, ಮೆಟ್ಟಿಲಿಳಿದು ಹೋಗಿಬಿಟ್ಟರು. ಪರದೆಯ ಮೇಲೆ ಗೆರೆ ಬಂತು. ನಮ್ಮ ಸರ್ ಮುಖ ಸಣ್ಣದಾಯಿತು. ಪರೀಕ್ಷಕರು ಮರಳಿ ಬಾಗಿಲಲ್ಲಿ ನಿಂತು ಕೇಳಿದರು: “ನಾ ಕೆಳಗಿದ್ದಾಗ ಎಷ್ಟು ತೋರಿಸ್ತು?”

“ಏನೂ ತೋರಸ್ಲಿಲ್ರೀ ಸರ್. ಪೂರಾ ಬರದ ನಂಬರ ಅದು ತೋರಸಂಗಿಲ್ಲ.”

ಅವರು ಒಳಗೆ ಕಾಲಿಟ್ಟರು, ಅಂಕಿ ಮೂಡಿತು. ತಮ್ಮ ಥರ್ಮಾಮೀಟರಿಗೆ ಹೋಲಿಸಿ ನೋಡಿದರು. ಆಮೇಲೆ ನನ್ನ ಪ್ರೋಗ್ರಾಮಿನ ಮೊದಲ ಹಾಳೆಯ ಮೇಲೆ ಬೆರಳಿಟ್ಟರು. “ಈ ಎಲ್ ಅಂದ್ರೇನು?”

“ಲಾಭ ಸರ್.”

ಸರ್ ನನ್ನನ್ನು ದುರುಗುಟ್ಟಿ ನೋಡಿದರು. ಪರೀಕ್ಷಕರು ಹಾಳೆಯಿಂದ ತಲೆ ಎತ್ತಿ, “ಮನ್ಯಾಗ ಜ್ವಾಳ ಅಳೆಯೋರು ಯಾರು?” ಅಂದರು. “ನಮ್ಮಪ್ಪ ರೀ” ಅಂದೆ. ಪೆನ್ನು ತೆಗೆದು ಸಹಿ ಮಾಡಿದರು.

ಸಂಜೆಯ ಬಸ್ಸಿನಿಂದ ಕಮಲಾಪುರದಲ್ಲಿ ಇಳಿದು ಓಡುತ್ತಲೇ ಬಂದೆ. ಓಣಿಯ ತಿರುವಿನಲ್ಲಿ ಅಪ್ಪ ಯಾರದೋ ಅಂಗಳದಲ್ಲಿ ಮೊಣಕಾಲೂರಿ ಕೂತಿದ್ದ. “ಹದಿನೇಳು, ಹದಿನೇಳು” ಕೇಳಿಸಿತು. ಕಾಯಬೇಕು ಅಂತ ಗೊತ್ತಿತ್ತು. ಆದರೂ ತಡೆಯಲಾಗಲಿಲ್ಲ.

“ಅಪ್ಪಾ, ಸಹಿ ಆತು! ನಾ ಪಾಸು!”

ಸೇರು ಗಾಳಿಯಲ್ಲೇ ನಿಂತಿತು. ಬೈಯುತ್ತಾನೆ ಅಂದುಕೊಂಡೆ. ಅವನು ರಾಶಿಯನ್ನೆಲ್ಲ ಎರಡೂ ಕೈಯಿಂದ ಬಾಚಿ ಚೀಲಕ್ಕೆ ಹೊಳ್ಳಿ ಸುರುವಿದ. ಹೊಸದಾಗಿ ಒಂದು ಸೇರು ತುಂಬಿ ಹಾಕಿದ.

“ಲಾಭ” ಅಂದ. “ಲಾಭ, ಲಾಭ, ಲಾಭ.” ಎರಡನೆಯ ಸೇರು ತುಂಬಲು ಅವನಿಗೆ ಬಹಳ ಹೊತ್ತು ಹಿಡಿಯಿತು.